ಇಲಿಯ ಎಡಗಿವಿ

ಊರವರೆಲ್ಲ ಇಲಿ ಕಂಡರೆ ಪೊರಕೆ ಹುಡುಕುತ್ತಾರೆ. ಮಜೀದ್ ಮಾತ್ರ ಇಲಿಗಳಿಗೆ ನೀರು ಕುಡಿಸಿ, ಹಾಸಿಗೆ ಬದಲಿಸಿ, ತಣ್ಣನೆಯ ಏಸಿಯಲ್ಲಿ ಮಲಗಿಸಿ ಸಂಬಳ ತಗೊಳ್ಳುವ ಮನುಷ್ಯ. "ನಮ್ಮನೇಲಿ ಫ್ಯಾನೇ ನೆಟ್ಟಗೆ ತಿರುಗಲ್ಲ, ನಿಮ್ಮ ಇಲಿಗಳಿಗೆ ಏಸಿ ಬೇರೆ!" ಎಂದು ಹೆಂಡತಿ ರೆಹಾನಾ ಅಣಕಿಸಿ ಅಣಕಿಸಿ ಸುಸ್ತಾಗಿ, ಕೊನೆಗೆ ಅದನ್ನೂ ಬಿಟ್ಟಿದ್ದಳು. ಕೋಗಿಲು ಕ್ರಾಸಿನ ಆಚೆಗಿನ ಆ ಔಷಧ ಸಂಶೋಧನಾ ಕೇಂದ್ರಕ್ಕೆ ಇನ್ನೂ ಬಣ್ಣದ ವಾಸನೆ ಹೋಗಿರದ ಕಾಲಕ್ಕೆ ಅವನು ಸೇರಿದ್ದು. ಈಗ ಗಡ್ಡ ನೆರೆತಿತ್ತು, ಅನಿಮಲ್ ಹೌಸಿನ ಬೀಗದ ಕೈ ಸೊಂಟದಲ್ಲೇ ಇತ್ತು.

ಇಲಿಗಳೆಲ್ಲ ಕಪ್ಪು. ಒಂದೊಂದು ಕೇಜಿನಲ್ಲಿ ಒಂದೇ ತಾಯಿಯ ನಾಲ್ಕು ಗಂಡುಮರಿಗಳು. ಹೆತ್ತ ತಾಯಿಗೂ ಗುರುತು ಸಿಗದಷ್ಟು ಒಂದೇ ಥರ. ಆದ್ದರಿಂದ ಕಿವಿಗೆ ತೂತು ಹಾಕುವ ಪದ್ಧತಿ: ಒಂದಕ್ಕೆ ತೂತಿಲ್ಲ, ಒಂದಕ್ಕೆ ಎಡಗಿವಿಗೆ, ಒಂದಕ್ಕೆ ಬಲಗಿವಿಗೆ, ಇನ್ನೊಂದಕ್ಕೆ ಎರಡಕ್ಕೂ. ಮರಿಗಳು ತಾಯಿಯನ್ನು ಬಿಟ್ಟ ವಾರ ತೇಜಸ್ವಿನಿ ಎಂಬ ಹುಡುಗಿ ಬಂದು ಈ ಕಿವಿ ಚುಚ್ಚುವ ಶಾಸ್ತ್ರ ಮುಗಿಸಿ, ಬಾಲದ ತುದಿ ಚೂರೇ ಚೂರು ಕತ್ತರಿಸಿಕೊಂಡು ಹೋಗುತ್ತಿದ್ದಳು. ಆ ಚೂರನ್ನು ಪರೀಕ್ಷೆ ಮಾಡಿದರೆ ನಾಲ್ವರಲ್ಲಿ ಯಾರಿಗೆ ಕೆಟ್ಟ ಜೀನು ಬಂದಿದೆ, ಯಾರಿಗೆ ಇಲ್ಲ ಎಂದು ತಿಳಿಯುತ್ತದಂತೆ. ಅವಳು ಇಲ್ಲೇ ಪಿಎಚ್‌ಡಿ ಮಾಡುತ್ತಿದ್ದಳು, ಯಲಹಂಕದ ಹತ್ತಿರದ ಸಿಂಗಾಪುರದವಳು, ಬಾಯಿ ತೆರೆದರೆ ಮುಚ್ಚುವವಳಲ್ಲ.

"ಏನಮ್ಮ ಇದು ಕೆಟ್ಟ ಜೀನು?" ಎಂದು ಅವನೊಮ್ಮೆ ಕೇಳಿದ್ದ.

"ನೋಡಿ ಭಾಯ್, ಕೊಬ್ಬು ರಕ್ತದಲ್ಲಿ ತಾನಾಗೇ ಓಡಾಡಲ್ಲ. ಅದನ್ನ ಹೊತ್ಕೊಂಡು ಹೋಗೋಕೆ ಗಾಡಿ ಬೇಕು. ಲಿಪೊಪ್ರೋಟೀನ್ ಅಂದ್ರೆ ಆ ಗಾಡಿ. ಬಿಎಂಟಿಸಿ ಅನ್ಕೊಳ್ಳಿ. ಸರಿ ಇರೋ ಇಲೀಲಿ ಚಿಕ್ಕ ಗಾಡಿಗಳೇ ಜಾಸ್ತಿ. ಕೆಟ್ಟ ಜೀನು ಇರೋದ್ರಲ್ಲಿ ದೊಡ್ಡ ಬಸ್ಸುಗಳು ಡಿಪೋಗೇ ಹೋಗಲ್ಲ, ರೋಡಲ್ಲೇ ಸುತ್ತುತಾ ಇರ್ತವೆ. ಕೊನೆಗೆ ಹಾರ್ಟ್ ಹತ್ರ ಜಾಮ್."

"ಹೆಬ್ಬಾಳ ಫ್ಲೈಓವರ್ ಅನ್ನಿ."

ತೇಜಸ್ವಿನಿ ಬಿದ್ದು ಬಿದ್ದು ನಕ್ಕಿದ್ದಳು. ಅಂದಿನಿಂದ ರಕ್ತ ತೆಗೆಯುವ ದಿನ ಬಂದಾಗಲೆಲ್ಲ "ಇವತ್ತು ಟ್ರಾಫಿಕ್ ಲೆಕ್ಕ" ಎನ್ನುವುದು ಇಬ್ಬರ ಮಾತಾಯಿತು.

ಅಷ್ಟೂ ರಕ್ತವನ್ನು ಜೀನಿನ ಚೀಟಿಗಳ ಜೊತೆ ತಾಳೆ ಹಾಕಿದ್ದು ಆ ಸಲವೇ ಮೊದಲು; ಟ್ರಾಫಿಕ್ಕೇ ಉಲ್ಟಾ ಹೊಡೆಯಿತು. ರಕ್ತ ತೆಗೆಯುವವನು ಯೋಗಾನಂದ, ಲ್ಯಾಬಿನ ಟೆಕ್ನೀಷಿಯನ್. ಅವನು ತೆಗೆದ ರಕ್ತವನ್ನು ಯಂತ್ರಕ್ಕೆ ಹಾಕಿದರೆ ಗಾಡಿಗಳ ಗಾತ್ರಕ್ಕೆ ತಕ್ಕ ಹಾಗೆ ಗೆರೆ ಏರಿ ಇಳಿಯುತ್ತದೆ. ಕಾಯಿಲೆಯ ಇಲಿಯದ್ದು ದೊಡ್ಡ ಬಸ್ಸುಗಳ ಜಾಗದಲ್ಲಿ ಗುಡ್ಡದ ಹಾಗೆ ಏಳಬೇಕು, ಸರಿ ಇರುವುದರದ್ದು ಅಲ್ಲಿ ಬಯಲಾಗಿರಬೇಕು. ಈಗ ನೋಡಿದರೆ ಕಾಯಿಲೆ ಎಂದು ಚೀಟಿ ಇರುವ ಇಲಿಯಲ್ಲಿ ಬಯಲು, ಸರಿ ಎಂದಿರುವುದರಲ್ಲಿ ನಂದಿಬೆಟ್ಟ. ಎಲ್ಲವೂ ಹಾಗಿದ್ದರೆ ಯಂತ್ರ ಕೆಟ್ಟಿದೆ ಎಂದು ಬೈದು ಸುಮ್ಮನಾಗಬಹುದಿತ್ತು. ಕೆಲವು ಕೇಜುಗಳು ಹೇಳಿ ಮಾಡಿಸಿದ ಹಾಗೆ ಸರಿ ಇದ್ದವು. ಇನ್ನು ಕೆಲವು ಕೇಜುಗಳಲ್ಲಿ ಎರಡು ಇಲಿ ಸರಿ, ಎರಡು ಉಲ್ಟಾ. ಮತ್ತೆ ರಕ್ತ ತೆಗೆದರು, ಮತ್ತೆ ಅದೇ. ಎಲ್ಲರಿಗೂ ತಲೆ ಕೆಟ್ಟು ಕೆರ ಹಿಡಿದು ಹೋಯಿತು.

ವಿಭಾಗದ ಮುಖ್ಯಸ್ಥೆ ಡಾಕ್ಟರ್ ರಾಧಾಮಣಿ ಮಜೀದನನ್ನು ತಮ್ಮ ಕೋಣೆಗೆ ಕರೆಸಿದರು. ತೇಜಸ್ವಿನಿ, ಯೋಗಾನಂದ ಆಗಲೇ ಕೂತಿದ್ದರು. ಮಜೀದನಿಗೂ ಕುರ್ಚಿ ತೋರಿಸಿದರು. ಅದೇ ಅವನಿಗೆ ಭಯವಾದದ್ದು. ಆ ಕೋಣೆಯಲ್ಲಿ ಅವನೆಂದೂ ಕೂತವನಲ್ಲ.

"ಯಾರ ಮೇಲೂ ಆರೋಪ ಇಲ್ಲ ಮಜೀದ್ ಅವರೇ. ಕೇಜ್ ಬದಲಾಯಿಸುವಾಗ ಎರಡು ಕೇಜ್ ಒಟ್ಟಿಗೆ ತೆರೆದಿದ್ದು ಏನಾದ್ರೂ ಇದ್ಯಾ? ಈ ಕೇಜಿನ ಇಲಿ ಆ ಕೇಜಿಗೆ ಹೋಗಿರಬಹುದಾ? ಸ್ವಲ್ಪ ನೆನಪು ಮಾಡ್ಕೊಳ್ಳಿ."

ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಇದು ಅವನೇ ಹೊಸಬರಿಗೆಲ್ಲ ಗದರಿ ಕಲಿಸಿದ ನಿಯಮ. ಇಲ್ಲ ಎನ್ನಲು ಬಾಯಿ ತೆರೆದ.

"ಅವಸರದಲ್ಲಿ ಆಗಿರಬಹುದು ಭಾಯ್," ತೇಜಸ್ವಿನಿ ಮೆತ್ತಗೆ ಹೇಳಿದಳು, "ಬೇಕೂಂತ ಯಾರೂ ಮಾಡಲ್ಲ."

ಯೋಗಾನಂದ ಗೋಡೆ ನೋಡಿದ. ಮಜೀದನ ಬಾಯಲ್ಲಿದ್ದ 'ಇಲ್ಲ' ಅಲ್ಲೇ ನಿಂತಿತು. ಕಣ್ಣ ಮುಂದೆ ಅಣ್ಣ ಮಂಜೂರ್ ಬಂದು ಕೂತುಬಿಟ್ಟಿದ್ದ.

ಮಂಜೂರನಿಗೆ ಯಶವಂತಪುರದಲ್ಲಿ ಸೈಕಲ್ ಅಂಗಡಿ ಇತ್ತು. ಅರವತ್ತು ತುಂಬುವ ಮೊದಲೇ ಮರೆವು ಶುರುವಾಯಿತು. ಮೊದಮೊದಲು ಸ್ಪ್ಯಾನರ್ ಎಲ್ಲಿಟ್ಟೆ ಎನ್ನುತ್ತಿದ್ದ, ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಅಂಗಡಿ ಮಾರಿದ ಮೇಲೂ ಒಂದು ದಿನ ಬೆಳಿಗ್ಗೆ ಹೋಗಿ, ಈಗ ಮೊಬೈಲ್ ಮಾರುವ ಆ ಅಂಗಡಿಯ ಮುಂದೆ ನಿಂತು "ಬೀಗದ ಕೈ ಯಾರ ಹತ್ರ ಇದೆ?" ಎಂದು ಕೇಳುತ್ತಿದ್ದನಂತೆ. ಈಗ ಮಗನ ಮನೆಯಲ್ಲಿದ್ದಾನೆ. ತಮ್ಮನನ್ನೂ ಗುರುತಿಸುವುದಿಲ್ಲ. ಆದರೂ ಪ್ರತಿ ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಮಜೀದ್ ಅಲ್ಲಿಗೆ ಹೋಗಿ ಅಣ್ಣನ ಗಡ್ಡ ಒಪ್ಪ ಮಾಡಿ ಬರುತ್ತಿದ್ದ. ಬೇರೆ ಯಾರು ಕತ್ತರಿ ಹಿಡಿದು ಬಂದರೂ ಮಂಜೂರ್ ಕೈ ತಳ್ಳುತ್ತಿದ್ದ.

ಅಣ್ಣನಿಗೂ ಹೀಗೇ ಶುರುವಾದದ್ದಲ್ಲವೇ? ಮಾಡಿದ್ದನ್ನು ಮಾಡಿಲ್ಲ ಎನ್ನುತ್ತಿದ್ದ, ಮಾಡದ್ದನ್ನು ಮಾಡಿದೆ ಎಂದು ಆಣೆ ಹಾಕುತ್ತಿದ್ದ. ಎರಡು ಕೇಜು ಒಟ್ಟಿಗೆ ತೆರೆದೆನೇ? ತೆರೆದಿಲ್ಲ ಎಂದೇ ನೆನಪು. ಆದರೆ ಆ ನೆನಪನ್ನೇ ನಂಬುವುದು ಹೇಗೆ?

"ಆಗಿರ್ಬೋದು ಮೇಡಂ," ಎಂದ ಮಜೀದ್. "ನನ್ ಕೈಯಿಂದ್ಲೇ ಆಗಿರ್ಬೋದು."

ಮಾಡದ ತಪ್ಪನ್ನು ಹೀಗೆ ತಟ್ಟೆಯಲ್ಲಿಟ್ಟು ಒಪ್ಪಿಸಿದ ಮನುಷ್ಯನನ್ನು ನಾನಂತೂ ಬೇರೆ ಕಂಡಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವನು ಕುಂಬಳಕಾಯಿಯನ್ನೇ ಕಾಣದವನು, ಹೆಗಲು ಮಾತ್ರ ಎರಡೆರಡು ಸಲ ಮುಟ್ಟಿಕೊಂಡ. ರಾಧಾಮಣಿ ನಿಟ್ಟುಸಿರು ಬಿಟ್ಟರು. ಈ ತಿಂಗಳು ಮುಗಿದ ಮೇಲೆ ಕಾಂಟ್ರಾಕ್ಟ್ ಮುಂದುವರಿಸುವುದು ಕಷ್ಟ, ಹೊಸಬರು ಬರುತ್ತಾರೆ, ಅವರಿಗೆ ಎಲ್ಲ ವಹಿಸಿಕೊಡಿ ಎಂದು ಮರ್ಯಾದೆಯಿಂದಲೇ ಹೇಳಿದರು. ಮರ್ಯಾದೆಯಿಂದ ಹೇಳಿದರೆ ಕೆಲಸ ಹೋಗುವುದೇನೂ ಕಡಿಮೆಯಾಗುವುದಿಲ್ಲ.

ಆವತ್ತಿನಿಂದ ಮಜೀದನ ಬದುಕೆಲ್ಲ ಗೊಂದಲ. ಗ್ಯಾಸ್ ಆರಿಸಿ, ಬಾಗಿಲವರೆಗೆ ಹೋಗಿ, ವಾಪಸು ಬಂದು ನೋಡುವನು. ಆರಿಯೇ ಇರುತ್ತಿತ್ತು. ಹಾಗಾದರೆ ಯಾಕೆ ನೆನಪಿಲ್ಲ? ಎದುರುಮನೆ ಗೋಪಾಲಮ್ಮ "ಏನ್ ಸಮಾಚಾರ ಸಾಬ್ರೇ?" ಎಂದರೆ, ಇವರ ಹೆಸರು ಗೋಪಾಲಮ್ಮನೋ ಗೌರಮ್ಮನೋ ಎಂದು ಒಂದು ಕ್ಷಣ ತಡವರಿಸುವನು. ಮೊದಲೂ ತಡವರಿಸುತ್ತಿದ್ದೆನೇ? ಅದೂ ನೆನಪಿಲ್ಲ. ಕೇಜು ಬದಲಾಯಿಸುವಾಗ ಒಂದನ್ನು ಮುಚ್ಚಿ, ಮುಚ್ಚಿದೆ ಎಂದು ಬಾಯಿಬಿಟ್ಟು ಹೇಳಿಕೊಂಡು, ಆಮೇಲೆ ಇನ್ನೊಂದನ್ನು ಮುಟ್ಟುವನು. ಒಂದೊಂದು ಸಲ ಧೈರ್ಯವೂ ಬರುತ್ತಿತ್ತು: ಬೇರೆ ಕೇಜಿನ ಗಂಡು ನುಗ್ಗಿದ್ದರೆ ಇವು ಸುಮ್ಮನಿರುತ್ತಿದ್ದವೇ, ಕಚ್ಚಾಡಿ ರಕ್ತ ಸುರಿಸುತ್ತಿದ್ದವು. ಒಂದರ ಮೈಮೇಲೂ ಗಾಯವಿಲ್ಲ. ಆಮೇಲೆ ಯೋಚನೆ: ಗಾಯ ಇತ್ತೋ ಏನೋ, ನಾನೇ ನೋಡಿ ಮರೆತೆನೋ?

ಮಂಜೂರನ ಮನೆಗೆ ಹೋಗುವುದನ್ನು ಬಿಟ್ಟ. ಶುಕ್ರವಾರ ಬಂದರೆ ಏನಾದರೂ ನೆಪ ಹುಡುಕುವನು. ನಿಜ ಹೇಳಬೇಕೆಂದರೆ, ಆ ಮುಖ ನೋಡಲು ಹೆದರಿಕೆ. ತನ್ನ ನಾಳೆಯೇ ಕುರ್ಚಿಯಲ್ಲಿ ಕೂತು ತನ್ನನ್ನು ನೋಡಿದ ಹಾಗಾಗುತ್ತಿತ್ತು.

ಇದರ ನಡುವೆ ಮಗಳು ಅತೀಯಾಳ ಮದುವೆ ಗೊತ್ತಾಗಿತ್ತು. ಬೀಗರ ಮನೆಯಲ್ಲಿ ಅಜ್ಜಿಯ ಕಾಲದ ಒಂದು ನತ್ತು, ಸೊಸೆಗೆ ಅದನ್ನೇ ಹಾಕುವ ರೂಢಿ. ಮೂಗು ಚುಚ್ಚಿಸಲು ಅಪ್ಪ ಮಗಳು ಯಲಹಂಕ ಹಳೇ ಪೇಟೆಯ ಅಕ್ಕಸಾಲಿ ಶೇಖರಪ್ಪನ ಅಂಗಡಿಗೆ ಹೋದರು. ಸೂಜಿ ಕಂಡದ್ದೇ ಅತೀಯಾ ಕಣ್ಣು ಮುಚ್ಚಿ ಅಪ್ಪನ ಎರಡೂ ಕೈ ಹಿಡಿದುಕೊಂಡಳು. ಮಜೀದ್ ಅವಳ ಎದುರಿಗೆ ಸ್ಟೂಲ್ ಮೇಲೆ ಕೂತಿದ್ದ.

"ಯಾವ ಕಡೆಗೆ ಸಾಬ್ರೇ?"

ರೆಹಾನಾ ಹೊರಡುವಾಗಲೇ ಹೇಳಿ ಕಳಿಸಿದ್ದಳು, ಎಡಕ್ಕೆ, ಎಡಕ್ಕೆ, ಮರೀಬೇಡಿ. ಮಜೀದ್ ಅದನ್ನು ದಾರಿಯುದ್ದಕ್ಕೂ ಜಪ ಮಾಡಿಕೊಂಡೇ ಬಂದಿದ್ದ. ಒಂದು ಕೈ ಬಿಡಿಸಿಕೊಂಡು, ತನ್ನ ಎಡಗೈ ಎತ್ತಿ ಅದರ ನೇರಕ್ಕಿದ್ದ ಮೂಗಿನ ಹೊಳ್ಳೆ ತೋರಿಸಿದ. "ಈ ಕಡೆ. ಎಡಕ್ಕೆ."

ಶೇಖರಪ್ಪ ತೋರಿಸಿದ ಕಡೆ ಚುಚ್ಚಿದ. ಮನೆಗೆ ಬಂದರೆ ರೆಹಾನಾ ಮಗಳ ಮುಖ ನೋಡಿ ಕೂಗಿದ ಕೂಗಿಗೆ ಗೋಪಾಲಮ್ಮ ಓಡಿಬಂದರು. ಮೂಗುಬೊಟ್ಟು ಬಲಕ್ಕಿತ್ತು!

"ಅಷ್ಟು ಸಲ ಹೇಳಿದ್ನಲ್ಲ! ಆ ನತ್ತು ಎಡಕ್ಕೇ ಮಾಡ್ಸಿರೋದು ಕಣ್ರೀ, ಅದನ್ನ ಈ ಕಡೆ ಹಾಕಿದ್ರೆ ತಿರುಚ್ಕೊಂಡು ನಿಂತ್ಕೊಳ್ಳುತ್ತೆ. ಬೀಗಿತ್ತಿ ಏನಂತಾಳೆ? ನಿಮ್ ತಲೇಲೇನಿದೆ?"

ಗಂಡನ ಮೇಲೆ ಹೆಂಡತಿ ದಿನಕ್ಕೆ ಹತ್ತು ಸಲ ಎಸೆಯುವ ಮಾತು ಅದು. ಮಜೀದನಿಗೆ ಅದು ಎದೆಗೇ ನಾಟಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು ಅತ್ತ. ಎಡ ಬಲ ಗೊತ್ತಾಗದ ಸ್ಥಿತಿಗೆ ಬಂದೆನಲ್ಲ ಅಲ್ಲಾ, ಮಂಜೂರನಿಗೂ ಇಷ್ಟು ಬೇಗ ಹೀಗಾಗಿರಲಿಲ್ಲ.

ತಿಂಗಳ ಕೊನೆ ಬಂತು. ಹೊಸಬನಿಗೆ ವಹಿಸುವ ಮೊದಲು ಕೇಜುಗಳನ್ನೆಲ್ಲ ಒಮ್ಮೆ ನೋಡಬೇಕೆಂದು ತೇಜಸ್ವಿನಿ ಬಂದಳು. ಅವಳ ಮುಖವೂ ಬಾಡಿತ್ತು. ಬುಡದಿಂದ ಮತ್ತೆ ಶುರು ಮಾಡಬೇಕು, ಈ ಇಲಿಗಳನ್ನೆಲ್ಲ ಮುಗಿಸಬೇಕು ಎಂದಿದ್ದರು ರಾಧಾಮಣಿ. ಮಜೀದ್ ಬೀಗದ ಕೈ ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟ.

"ಬೇಜಾರು ಮಾಡ್ಕೋಬೇಡಿ ಭಾಯ್," ಎಂದಳು. "ನಾನು ಆವತ್ತು ಹಂಗನ್ನಬಾರದಿತ್ತು."

"ನೀವು ಅಂದಿದ್ದು ಸರಿಯಮ್ಮ. ನನಗೆ ಮರೆವು ಬಂದಿದೆ. ನಮ್ಮಣ್ಣನಿಗೂ ಇದೆ." ಯಾರಿಗೂ ಹೇಳದ್ದನ್ನು ಇವಳಿಗೆ ಯಾಕೆ ಹೇಳುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ. ಮಂಜೂರನ ಕಥೆ ಹೇಳಿದ, ಗ್ಯಾಸಿನದು ಹೇಳಿದ, ಕೊನೆಗೆ ಮೂಗಿನದೂ ಹೇಳಿದ. "ಎಡ ಯಾವ್ದು ಬಲ ಯಾವ್ದು ಅನ್ನೋದೇ ಹೋಗ್ಬಿಟ್ಟಿದೆ ನನ್ ತಲೇಲಿ. ಎಡ ಅಂತ ತೋರಿಸ್ದೆ, ಬಲಕ್ಕೆ ಚುಚ್ಚಿಸ್ಕೊಂಡು ಬಂದೆ."

"ಅಯ್ಯೋ ಭಾಯ್, ಅದಕ್ಕೆ ಮರೆವು ಯಾಕೆ ಬೇಕು? ನೀವು ಅವಳ ಎದುರಿಗೆ ಕೂತಿದ್ರಿ. ನಿಮ್ಮ ಎಡಗಡೆಗೆ ಇರೋದು ಅವಳ ಬಲ ತಾನೇ? ಎದುರಾಬದುರಾ ಕೂತರೆ ಯಾರಿಗಾದ್ರೂ..."

ಬಾಯಿ ಮುಚ್ಚದ ಹುಡುಗಿ ಬಾಯಿ ಮುಚ್ಚಿದಳು.

ಹತ್ತಿರದ ಕೇಜು ತೆರೆದು ಒಂದು ಇಲಿಯ ಕತ್ತಿನ ಚರ್ಮ ಹಿಡಿದು ಎತ್ತಿದಳು. ಕಿವಿ ಚುಚ್ಚುವಾಗ ಹಿಡಿಯುವಂತೆಯೇ ಅಂಗೈಯಲ್ಲಿ ಅಂಗಾತ ಮಲಗಿಸಿಕೊಂಡಳು. ಅದರ ಹೊಟ್ಟೆ ಅವಳ ಕಡೆಗಿತ್ತು, ಅದರ ಮುಖ ಅವಳ ಮುಖಕ್ಕೆ ಎದುರಾಗಿ.

"ಭಾಯ್, ನಾನು ಹಿಂಗೆ ಹಿಡ್ಕೊಂಡೇ ಚುಚ್ಚೋದು. ಎಡ ಅಂತ ಬರ್ಕೊಂಡು ಈ ಕಿವಿಗೆ ಚುಚ್ತೀನಿ. ನನ್ನ ಎಡಗಡೆಗಿರೋ ಕಿವಿಗೆ." ಇಲಿಯನ್ನು ತಿರುಗಿಸಿ ಕೇಜಿನ ಸರಳುಗಳ ಮೇಲೆ, ಬೆನ್ನು ತನ್ನ ಕಡೆಗೆ ಬರುವಂತೆ ನಿಲ್ಲಿಸಿದಳು. "ಯೋಗಾನಂದ ರಕ್ತ ತೆಗೆಯುವಾಗ ಹಿಂದಿನಿಂದ ನೋಡ್ತಾನೆ. ಹಿಂದಿನಿಂದ ನೋಡಿದ್ರೆ ಈ ತೂತು ಬಲಗಿವೀಲಿದೆ."

ಮಜೀದ್ ನೋಡಿದ. ಈಗ ತಾನೇ ಎಡಕ್ಕಿದ್ದ ತೂತು ಬಲಕ್ಕಿತ್ತು. ಅವನಿಗೆ ತಲೆ ಗಿರ್ರೆಂದಿತು. ಅದಕ್ಕೇನಾಯಿತು ಎಂದು ಕೂಡಲೇ ಹೊಳೆಯಲಿಲ್ಲ.

"ನನ್ನ ಎಡ ಅವನ ಬಲ. ನನ್ನ ಬಲ ಅವನ ಎಡ. ಎಡಗಿವಿದಕ್ಕೆ ಕಾಯಿಲೆ ಅಂತ ನಾನು ಚೀಟೀಲಿ ಬರೆದ್ರೆ, ಅವನು ಅದರ ತಮ್ಮನ ರಕ್ತ ತೆಗ್ದು ಎಡಗಿವಿದು ಅಂತ ಕೊಡ್ತಾನೆ. ತೂತಿಲ್ಲದ್ದು, ಎರಡೂ ತೂತಿರೋದು ಎಲ್ಲಿಂದ ನೋಡಿದ್ರೂ ಒಂದೇ. ಅದಕ್ಕೇ ಅವು ಯಾವತ್ತೂ ಸರಿ. ಒಂದು ತೂತಿರೋ ಅಣ್ಣ ತಮ್ಮ ಇಬ್ಬರೂ ಒಂದೇ ಥರ ಇದ್ದ ಕೇಜಲ್ಲೂ ತಪ್ಪು ಗೊತ್ತಾಗಲ್ಲ. ಬೇರೆ ಬೇರೆ ಇದ್ರೆ ಮಾತ್ರ ಎರಡು ಸರಿ, ಎರಡು ಉಲ್ಟಾ." ಅವಳು ಇಲಿಯನ್ನು ಒಳಗೆ ಬಿಟ್ಟು ನೆಲದ ಮೇಲೇ ಕೂತಳು. "ನಾನೇ ಭಾಯ್. ನನ್ನ ಕೈಯೇ."

ಬೆಟ್ಟ ಅಗೆದು ಇಲಿ ಹಿಡಿದರು ಅಂತ ಜನ ನಗುತ್ತಾರೆ. ಇವರು ಇಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೆಟ್ಟ ಅಗೆದಿದ್ದರು.

ಅದೇ ದಿನ ಮತ್ತೆ ಬಾಲದ ಚೂರುಗಳನ್ನು ತೆಗೆದು, ಈ ಸಲ ಯೋಗಾನಂದನೇ ಕಿವಿ ನೋಡಿ ಹೇಳುವಂತೆ ಮಾಡಿ, ಮತ್ತೆ ಪರೀಕ್ಷೆಗೆ ಹಾಕಿದರು. ಮಾರನೆಯ ದಿನ ಚೀಟಿಗಳನ್ನು ತಿದ್ದಿ ಗೆರೆಗಳನ್ನು ಎದುರಿಗಿಟ್ಟುಕೊಂಡರೆ, ಗುಡ್ಡ ಇರಬೇಕಾದಲ್ಲಿ ಗುಡ್ಡ, ಬಯಲಿರಬೇಕಾದಲ್ಲಿ ಬಯಲು. ಇಲಿಗಳ ಜೀವ ಉಳಿಯಿತು, ಸದ್ಯಕ್ಕೆ. ರಾಧಾಮಣಿ ಮಜೀದನನ್ನು ಕರೆಸಿ, ಮತ್ತೆ ಅದೇ ಕುರ್ಚಿ ತೋರಿಸಿದರು. ಪಕ್ಕದಲ್ಲಿ ತೇಜಸ್ವಿನಿ ಕೂತಿದ್ದಳು, ಅವನು ಬಿಚ್ಚಿಟ್ಟಿದ್ದ ಬೀಗದ ಕೈ ಈಗ ರಾಧಾಮಣಿಯವರ ಮೇಜಿನ ಮೇಲಿತ್ತು.

"ತಪ್ಪು ನಮ್ಮದು. ನೀವು ಎಲ್ಲೂ ಹೋಗಬೇಕಾಗಿಲ್ಲ ಮಜೀದ್ ಅವರೇ."

ಮಜೀದ್ ಕೂರಲಿಲ್ಲ. "ಅಂದ್ರೆ ನಾನು ಅದಲು ಬದಲು ಮಾಡಿಲ್ಲ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

ಖುಷಿಯಾಗಬೇಕಿತ್ತು. ಆದರೆ ಹೊಟ್ಟೆಯೊಳಗಿಂದ ಎದ್ದದ್ದು ಸಿಟ್ಟು. ಇಷ್ಟು ವರ್ಷ ಆ ಕಟ್ಟಡದಲ್ಲಿ ದನಿ ಎತ್ತದವನು ದನಿ ಎತ್ತಿದ. "ತೇಜಮ್ಮಾ, ನೆನಪು ಮಾಡ್ಕೊಳ್ಳಿ ನೆನಪು ಮಾಡ್ಕೊಳ್ಳಿ ಅಂತ ಎಲ್ರೂ ನನ್ ತಲೇನ ಕೇಳಿದ್ರಿ. ನಿಮ್ ಕೈನ ನೀವ್ಯಾಕೆ ಒಂದ್ಸಲ ಕೇಳ್ಕೊಳ್ಲಿಲ್ಲ? ನಾನು ಹುಚ್ಚನಾಗ್ತಾ ಇದೀನಿ ಅಂತ ನಂಬ್ಕೊಂಡಿದ್ದೆ ಕಣಮ್ಮ! ನಮ್ಮಣ್ಣನ ಮನೆ ಹಾದೀನೂ ಬಿಟ್ಟಿದ್ದೆ!"

ತೇಜಸ್ವಿನಿ ತಲೆ ತಗ್ಗಿಸಿ ಅಳುತ್ತಿದ್ದಳು. ಅವಳನ್ನು ನೋಡಿ ಅವನಿಗೆ ಪಾಪ ಎನ್ನಿಸಿತು, ಸಿಟ್ಟೂ ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು. ಬೀಗದ ಕೈ ಮೇಜಿನ ಮೇಲಿಂದ ಎತ್ತಿಕೊಂಡು ಹೊರಬಂದ.

ಶುಕ್ರವಾರ ನಮಾಜ್ ಮುಗಿಸಿ ಯಶವಂತಪುರದ ಬಸ್ಸು ಹತ್ತಿದ. ಕತ್ತರಿ, ಬಾಚಣಿಗೆ ಜೇಬಿನಲ್ಲಿದ್ದವು. ಬಸ್ಸು ಹೆಬ್ಬಾಳದಲ್ಲಿ ಎಂದಿನಂತೆ ಸಿಕ್ಕಿಕೊಂಡಿತು. ಕೇಜಿನ ತಪ್ಪು ತನ್ನದಲ್ಲ ಎಂದಾಯಿತು. ಹಾಗೆಂದು ಮಂಜೂರನ ಕಾಯಿಲೆ ತನಗೆ ಬರುವುದೇ ಇಲ್ಲ ಎಂದು ಯಾವ ಯಂತ್ರ ಗೆರೆ ಎಳೆದು ಹೇಳಿತು? ಗೋಪಾಲಮ್ಮನ ಹೆಸರಿಗೆ ತಡವರಿಸಿದ್ದು ಸುಳ್ಳೇ? ಏನೂ ತಿಳಿಯಲಿಲ್ಲ. ಬಸ್ಸು ಮುಂದಕ್ಕೆ ಹೋಯಿತು.

ಮಂಜೂರನ ಸೊಸೆ ಬಾಗಿಲು ತೆರೆದು, "ಬಂದ್ರಾ ಚಾಚಾ," ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದಳು. ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಗಡ್ಡ ಕಾಡಿನ ಹಾಗೆ ಬೆಳೆದು ಎದೆಗೆ ಬಂದಿತ್ತು, ಅದರಲ್ಲಿ ಅನ್ನದ ಅಗುಳು. ಮಜೀದನಿಗೆ ನಾಚಿಕೆಯಾಯಿತು. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಟವೆಲ್ಲು ಹೊದಿಸಿದ. ಮಂಜೂರ್ ಅವನನ್ನು ಮೇಲಿಂದ ಕೆಳಗೆ ನೋಡಿ, ಕತ್ತರಿ ನೋಡಿ, ಕೈ ತಳ್ಳಿದ.

"ನೀನು ಬೇಡ," ಎಂದ, ಮನೆಯ ಭಾಷೆಯಲ್ಲಿ. "ಬೇರೆ ಒಬ್ಬ ಇದಾನೆ. ಜುಮ್ಮಾ ದಿನ ಬರ್ತಾನೆ."

ಮಜೀದನ ಕೈ ಅಲ್ಲೇ ನಿಂತಿತು. "ಯಾರು ಭಾಯ್ ಅವನು?"

"ಹೆಸರು ಗೊತ್ತಿಲ್ಲ. ಒಳ್ಳೆ ಕೈ ಅವನ್ದು, ನೋಯಿಸಲ್ಲ." ಮಂಜೂರ್ ಕಿಟಕಿಯಾಚೆ ಬೀದಿ ನೋಡಿದ. "ಈಚೆಗೆ ಬರ್ತಿಲ್ಲ. ನಂದೇ ಏನೋ ತಪ್ಪಾಗಿರ್ಬೇಕು."